ಬೆಟ್ಟದ ದೇವರ ಲಾಗಿನ್ನು

ಮನುಷ್ಯ ಹೋದರೂ ಹೆಸರು ಉಳಿಯುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಹೇಳಿದವರು ಸಾಫ್ಟ್‌ವೇರ್ ಲೈಸೆನ್ಸು ನೋಡಿದವರಲ್ಲ. ಅದರಲ್ಲಿ ಹೆಸರು ಉಳಿಯುವುದು ಹನ್ನೆರಡು ತಿಂಗಳು. ಆಮೇಲೆ ರಿನ್ಯೂವಲ್ ಮಾಡಿಸಬೇಕು.

ಈ ಜ್ಞಾನ ನನಗೆ ಐವತ್ತೆಂಟನೇ ವಯಸ್ಸಿನಲ್ಲಿ, ಚಾಮರಾಜನಗರದ ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಪ್ರಾಪ್ತವಾಯಿತು. ಅಲ್ಲಿ ನಮ್ಮ ತರಕಾರಿ ಬೆಳೆಗಾರರ ಸಂಘದ ಕಚೇರಿ. ನಾನು ಅದರ ಮ್ಯಾನೇಜರು. ಕಚೇರಿ ಚಾಮರಾಜನಗರದಲ್ಲಿ, ಕೆಲಸ ಗುಂಡ್ಲುಪೇಟೆಯಲ್ಲಿ. ಗೌರವಾನ್ವಿತ ಸಂಸ್ಥೆಗಳ ಲಕ್ಷಣವೇ ಅದು: ಕಾಗದ ಒಂದು ಊರಲ್ಲಿ, ಬೆವರು ಇನ್ನೊಂದು ಊರಲ್ಲಿ.

ಗುಂಡ್ಲುಪೇಟೆಯ ಯಾರ್ಡಿಗೆ ಸುತ್ತಲ ಹಳ್ಳಿಗಳಿಂದ ಟೊಮೇಟೊ, ಬೀನ್ಸು, ಕೋಸು ಬರುತ್ತವೆ. ಕಾಟಾದ ಮೇಲೆ ತೂಗುತ್ತಾರೆ, ಹೆಂಗಸರು ತಗಡಿನ ಚಪ್ಪರದಡಿ ಕೂತು ಆಯುತ್ತಾರೆ, ಕ್ರೇಟಿಗೆ ತುಂಬಿ ಕೇರಳದ ಲಾರಿಗೆ ಏರಿಸುತ್ತಾರೆ. ಕೇರಳದ ದಾರಿ ಕಾಡಿನೊಳಗೆ. ರಾತ್ರಿ ಒಂಬತ್ತಕ್ಕೆ ಮದ್ದೂರಿನ ಅರಣ್ಯ ಇಲಾಖೆಯ ಗೇಟು ಹಾಕಿದರೆ ತೆಗೆಯುವುದು ಮಾರನೇ ದಿನ ಬೆಳಗ್ಗೆ ಆರಕ್ಕೆ. ಆ ಗೇಟಿಗೆ ಸಿಕ್ಕದ ಸರಕು ಯಾರ್ಡಿನಲ್ಲೇ ಮಲಗಬೇಕು. ಮನುಷ್ಯ ಕಾಯುತ್ತಾನೆ, ಎಮ್ಮೆ ಕಾಯುತ್ತದೆ, ಟೊಮೇಟೊ ಮಾತ್ರ ಕಾಯುವ ಜಾತಿಯಲ್ಲ.

ಹಾಗಾಗಿ ಯಾರ ಸರಕು ಮೊದಲು ಲಾರಿ ಹತ್ತುತ್ತದೆ ಎಂಬುದೇ ಯಾರ್ಡಿನ ಸಕಲ ವೇದಾಂತ. ಅದಕ್ಕೊಂದು ಪದ್ಧತಿಯೂ ಇತ್ತು. ಬಂದ ಹೊತ್ತಿನ ಸಾಲಲ್ಲ, ಬಂದವನ ಗತ್ತಿನ ಸಾಲು. ಮದ್ದೂರು ಕಡೆಯ ಸಣ್ಣ ಬೆಳೆಗಾರರು ಮಧ್ಯಾಹ್ನ ಹನ್ನೆರಡಕ್ಕೇ ಗೂಡ್ಸ್ ಆಟೋ ತಂದು ನಿಲ್ಲಿಸಿ, ಅದರ ನೆರಳಿನಲ್ಲೇ ಬುತ್ತಿ ಬಿಚ್ಚಿ ಉಂಡು, ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ನಾಲ್ಕಕ್ಕೆ ಬೇಗೂರು ಕಡೆಯಿಂದ ನಮ್ಮ ಉಪಾಧ್ಯಕ್ಷರ ಟ್ರಾಕ್ಟರು ಬರುತ್ತಿತ್ತು. ಬಂದದ್ದು ಕೊನೆಗೆ, ಹತ್ತಿದ್ದು ಮೊದಲು. ಕೇಳುವವರಿರಲಿಲ್ಲ. ಕೇಳಿದರೂ ಬಾಯಿಮಾತಿಗೆ ಬಾಯಿಮಾತು: “ನಾನ್ ಮೊದ್ಲು ಬಂದೆ.” “ಇಲ್ಲ ಕಣ್ಲಾ, ನಾನು.” ಇಬ್ಬರಲ್ಲಿ ಯಾರಿಗೆ ಜಮೀನು ಹೆಚ್ಚೋ ಅವನೇ ಮೊದಲು ಬಂದವನು.

ಇದರ ಮಧ್ಯೆ ಕೇರಳದ ಖರೀದಿದಾರರು, ಯಾವ ಸರಕು ಯಾವ ಹಳ್ಳಿಯದು, ಎಷ್ಟು ಹೊತ್ತಿಗೆ ಬಂತು, ದಿನಾ ರಿಪೋರ್ಟು ಕೊಡಿ ಅಂದರು. ಕೊಡದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದೂ ಅಂದರು. ಸಂಘ ರಿಪೋರ್ಟಿನ ಸಾಫ್ಟ್‌ವೇರು ಕೊಂಡದ್ದು ಹೀಗೆ. ಅದರ ಕೆಲಸ ಸರಳ. ಕಾಟಾದವನು ಗಾಡಿ ನಂಬರು, ಹಳ್ಳಿ, ತೂಕ, ಬಂದ ಹೊತ್ತು ಒತ್ತುತ್ತಾನೆ. ಸಾಫ್ಟ್‌ವೇರು ಅದನ್ನೆಲ್ಲ ಸಾಲುಸಾಲಾಗಿ ಜೋಡಿಸಿ, ಯಾರು ಎಷ್ಟು ಹೊತ್ತಿಂದ ಕಾಯುತ್ತಿದ್ದಾರೆ ಎಂದು ಬಣ್ಣಬಣ್ಣದ ಪಟ್ಟಿಯಲ್ಲಿ ತೋರಿಸುತ್ತದೆ. ತೆರೆದು ನೋಡುವವರು ಐದು ಜನ ಇರಬಹುದು, ಅವರ ಹೆಸರು ಬರೆದುಕೊಡಿ ಎಂದು ಕಂಪನಿಯವರು ಒಂದು ಫಾರಂ ಕಳಿಸಿದರು.

ಫಾರಂ ಆಡಳಿತ ಮಂಡಳಿಯ ಸಭೆಗೆ ಬಂತು. ನಮ್ಮ ಅಧ್ಯಕ್ಷರು ಸಾಧು ಮನುಷ್ಯ. ಹಣೆ ತುಂಬ ವಿಭೂತಿ, ಬಾಯಿ ತುಂಬ “ಆಗ್ಲಿ ಬುಡಿ”.

“ಮೊದುಲ್ನೇ ಎಸ್ರು ಯಾರ್ದು ಬರುದ್ರಿ?” ಅಂತ ಕೇಳಿದರು.

“ತಮ್ಮದೇ,” ಅಂದೆ.

“ಸರ್ಯಾಗಂದ್ರಿ! ದೇವ್ರಿಗಿಂತ ಮುಂದೆ ನಾನಾ?”

ನಮ್ಮ ಸೀಮೆಯಲ್ಲಿ ಹೆಸರಿನ ಪಟ್ಟಿ ಅಂದರೆ ಅದಕ್ಕೊಂದು ಕ್ರಮವಿದೆ. ಮದುವೆಯ ಕರೆಯೋಲೆಯಾಗಲಿ, ನೀರಿನ ಟ್ಯಾಂಕಿನ ಕಲ್ಲಾಗಲಿ, ಮೊದಲು ದೇವರು, ಆಮೇಲೆ ತೀರಿಕೊಂಡ ಹಿರಿಯರ ಆಶೀರ್ವಾದ, ಆಮೇಲೆ ಬದುಕಿರುವ ಹಿರಿಯರು, ಎಲ್ಲಕ್ಕಿಂತ ಕೆಳಗೆ ನಿಜವಾಗಿ ಓಡಾಡುವವನು. ಆ ಕ್ರಮ ತಪ್ಪಿದರೆ ಕಾರ್ಯ ಕೆಡುತ್ತದೆ, ನೆಂಟಸ್ತಿಕೆಯೂ ಕೆಡುತ್ತದೆ. ಆದ್ದರಿಂದ ಮೊದಲನೇ ಯೂಸರು ಬೆಟ್ಟದ ದೇವರು. ಎರಡನೆಯದು ಸಂಘ ಕಟ್ಟಿದ ಹಿರಿಯರು, ಅವರು ಶಿವೈಕ್ಯರಾಗಿ ಹದಿನಾಲ್ಕು ವರ್ಷ. ಮೂರನೆಯದು ಅಧ್ಯಕ್ಷರು, ನಾಲ್ಕನೆಯದು ಉಪಾಧ್ಯಕ್ಷರು. ಐದನೆಯದು, ಜಾಗ ಉಳಿದಿತ್ತೆಂದು, ನಾನು.

ಫಾರಮ್ಮಿನಲ್ಲಿ ಪ್ರತಿಯೊಬ್ಬರ ಹುದ್ದೆಗೂ ಒಂದು ಚೌಕ ಇತ್ತು. ದೇವರ ಮುಂದೆ ಏನು ಬರೆಯಲಿ ಎಂದೆ. ಉಪಾಧ್ಯಕ್ಷರು ತಡಮಾಡಲಿಲ್ಲ: “ಮ್ಯಾನೇಜಿಂಗ್ ಡೈರೆಕ್ಟ್ರು ಅಂತ ಆಕಿ.” ಇಮೇಲು ಬೇಕಿತ್ತು. ಕಂಪ್ಯೂಟರ್ ಅಂಗಡಿಯವನು ದೇವರಿಗೊಂದು, ಹಿರಿಯರಿಗೊಂದು ಹತ್ತು ನಿಮಿಷದಲ್ಲಿ ಮಾಡಿಕೊಟ್ಟ. ನಾನು ದುಂಡಗಿನ ಅಕ್ಷರದಲ್ಲಿ ಐದೂ ಹೆಸರು ಬರೆದು, ಮೊಹರು ಒತ್ತಿ, ಅಂಚೆಯಲ್ಲೂ ಕಳಿಸಿದೆ, ಸ್ಕ್ಯಾನ್ ಮಾಡಿಸಿಯೂ ಕಳಿಸಿದೆ. ಇದು ತರವಲ್ಲ ಎನ್ನುವ ಬುದ್ಧಿ ನನಗೂ ಬರಲಿಲ್ಲ. ಇದನ್ನು ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಇದೊಂದನ್ನೇ. ಮುಂದೆ ಮಾಡಿದ ಯಾವುದನ್ನೂ ಒಪ್ಪಿಕೊಳ್ಳುವುದಿಲ್ಲ.

ಸಾಫ್ಟ್‌ವೇರು ಬಂತು. ಯಾರ್ಡಿನಲ್ಲಿ ಅದನ್ನು ತೆರೆಯುವ ಒಬ್ಬರು ಬೇಕಾಯಿತು. ಆಯುವ ಹೆಂಗಸರಲ್ಲಿ ಒಬ್ಬಾಕೆ ಇದ್ದಳು. ಮದ್ದೂರು ದಾರಿಯ ಒಂದು ಹಳ್ಳಿಯವಳು, ಊರ ಹೊರಗಿನ ಕೇರಿ, ಪಿಯುಸಿ ಪಾಸು. ಒಂಬತ್ತು ವರ್ಷ ಚಪ್ಪರದಡಿ ಕೂತು ಕೊಳೆತದ್ದನ್ನೂ ಗಟ್ಟಿಯದನ್ನೂ ಬೇರೆ ಮಾಡಿದ ಕೈ. ಯಾವ ಕ್ರೇಟು ಯಾರದ್ದೆಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಕಂಪನಿಯವರು ತರಬೇತಿ ಕೊಡಲು ಬಂದ ದಿನ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಆಕೆ ಕೇಳಿಸಿಕೊಳ್ಳುತ್ತಿದ್ದಳು. ನಾನು ಆಕೆಯನ್ನೇ ಕಂಪ್ಯೂಟರಿಗೆ ಕೂರಿಸಿದೆ.

ಈಗ ಲಾಗಿನ್ ಯಾರದ್ದು ಕೊಡುವುದು? ನನ್ನದು ಚಾಮರಾಜನಗರದಲ್ಲಿ ನನಗೇ ಬೇಕು. ಅಧ್ಯಕ್ಷರು, “ನನ್ನೆಸ್ರಲ್ಲಿ ಇನ್ನೊಬ್ರು ಒಳಕ್ಕೋಗೋದು ಸರಿ ಓಗಕಿಲ್ಲ” ಅಂದರು. ಉಪಾಧ್ಯಕ್ಷರನ್ನು ಕೇಳಲೇ ಇಲ್ಲ. ಹಿರಿಯರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಅವರ ಫೋಟೋದ ಹಿಂದೆ ಸಿಕ್ಕಿಸಿದ್ದೆವು, ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದದ್ದು ದೇವರದ್ದು.

“ದೇವ್ರು ಎಲ್ರಿಗೂ ಸೇರ್ದೋನು. ಕೊಟ್ಬುಡಿ,” ಅಂದರು ಅಧ್ಯಕ್ಷರು.

ಹೀಗೆ ಕೇರಿಯ ಹೆಣ್ಣುಮಗಳು ದೇವರ ಹೆಸರಿನಲ್ಲಿ ದಿನಾ ಒಳಗೆ ಹೋಗತೊಡಗಿದಳು. ಊರಿನಲ್ಲಿ ಅದೇ ದೇವರ ಗುಡಿಯಲ್ಲಿ ಆಕೆ ಎಲ್ಲಿಯವರೆಗೆ ಹೋಗುತ್ತಿದ್ದಳು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಗೊತ್ತು.

ಆಕೆ ಮಾಡಿದ ಕೆಲಸ ಒಂದೇ. ಯಾರ್ಡಿನ ಗೋಡೆಗೆ ಹಳೇ ಟಿವಿಯೊಂದನ್ನು ಹಾಕಿಸಿ, ಕಾಯುವವರ ಪಟ್ಟಿ ಅದರಲ್ಲಿ ಬರುವಂತೆ ಮಾಡಿದಳು. ಮೊದಲು ಬಂದವರು ಮೇಲೆ, ಆಮೇಲೆ ಬಂದವರು ಕೆಳಗೆ. ಎರಡು ತಾಸು ದಾಟಿದ ಗಾಡಿ ಕೆಂಪು.

ಮೊದಲ ವಾರ ಅದನ್ನು ಯಾರೂ ಗಮನಿಸಲಿಲ್ಲ, ಕ್ರಿಕೆಟ್ಟು ಬರುವುದೆಂದು ಕಾದರು. ಎರಡನೇ ವಾರ ಒಬ್ಬ ಓದಿದ. ಮೂರನೇ ವಾರಕ್ಕೆ ಇಡೀ ಯಾರ್ಡೇ ಓದುತ್ತಿತ್ತು, ಅದೂ ಜೋರಾಗಿ. ನಾನೊಂದು ದಿನ ಹೋಗಿದ್ದಾಗ ಉಪಾಧ್ಯಕ್ಷರ ಟ್ರಾಕ್ಟರು ಬಂದು ನೇರ ಲಾರಿಯ ಬಾಯಿಗೆ ನುಗ್ಗಿತು. ಗೂಡ್ಸ್ ಆಟೋದ ನೆರಳಿನಿಂದ ಒಬ್ಬ ಮುದುಕ ಎದ್ದ.

“ಏನಪ್ಪಾ ಡ್ರೈವರಣ್ಣ, ಟಿವಿ ನೋಡ್ದಾ?”

“ಟಿವಿ ನೋಡಕ್ ಪುರ್ಸೊತ್ತಿಲ್ಲ, ಪಕ್ಕಕ್ ಸರೀರಿ.”

“ನಿಂದು ಹದ್ನೇಳ್ನೇ ಸಾಲು ಕಣ್ಲಾ. ನಂದು ಮೂರ್ನೇದು. ಕೆಂಪಾಗದೆ ನೋಡು, ನನ್ ಕಣ್ಣಂಗೆ.”

“ಯಜಮಾನ್ರ ಗಾಡಿ ಇದು.”

“ಯಜಮಾನ್ರು ಹದ್ನೇಳ್ರಲ್ಲೇ ಚೆಂದಾಗ್ ಕಾಣ್ತಾವ್ರೆ ಬುಡು.”

ಯಾರ್ಡು ನಕ್ಕಿತು. ನಗುವಿಗೆ ಟ್ರಾಕ್ಟರು ಹಿಂದಕ್ಕೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮದ್ದೂರು ಕಡೆಯವರ ಸರಕು ಗೇಟು ಹಾಕುವ ಮೊದಲೇ ಕಾಡು ದಾಟತೊಡಗಿತು. ಅವರ ಟೊಮೇಟೊ ಯಾರ್ಡಿನಲ್ಲಿ ಮಲಗುವುದು ನಿಂತಿತು. ಉಪಾಧ್ಯಕ್ಷರು ಮಾತ್ರ ಆ ಟಿವಿಯ ಹೆಸರೆತ್ತಿದರೆ, ಕಹಿ ಕಷಾಯ ಕುಡಿದವರ ಹಾಗೆ ಮುಖ ಮಾಡುತ್ತಿದ್ದರು.

ವರ್ಷ ತುಂಬುವ ಹೊತ್ತಿಗೆ ಬೆಂಗಳೂರಿನ ಕಂಪನಿಯಿಂದ ಫೋನು ಬಂತು. ಲೈಸೆನ್ಸಿನ ವಿಭಾಗದ ಹುಡುಗಿ. ಬಲು ಮರ್ಯಾದಸ್ಥೆ, ಮಾತಿಗೊಂದು ಸರ್.

“ಸರ್, ನಿಮ್ಮ ಫಸ್ಟ್ ಯೂಸರ್ ತುಂಬಾ ಆಕ್ಟಿವ್ ಇದಾರೆ. ದಿನಕ್ಕೆ ನಲವತ್ತು ಸಲ ರಿಪೋರ್ಟ್ ನೋಡ್ತಾರೆ. ಅವರ ಹತ್ರ ಮಾತಾಡ್ಬಹುದಾ?”

“ಕಷ್ಟ.”

“ಮೀಟಿಂಗಲ್ಲಿದಾರಾ ಸರ್?”

“ಬೆಟ್ಟದ ಮೇಲಿದ್ದಾರೆ.”

“ಓಕೆ ಸರ್. ನಿಮ್ಮ ಎಂಪ್ಲಾಯೀನೇ ಅಲ್ವಾ ಅವರು?”

“ಇಲ್ಲಮ್ಮ. ನಾವು ಅವರ ಎಂಪ್ಲಾಯಿಗಳು.”

ಆಕೆ ಮುಂದಿನ ಸಾಲಿಗೆ ಹೋದಳು. “ಸೆಕೆಂಡ್ ಯೂಸರ್ ಒಂದ್ಸಲಾನೂ ಲಾಗಿನ್ ಆಗಿಲ್ಲ ಸರ್. ಅವರಿಗೇನಾದ್ರೂ ಟ್ರೈನಿಂಗ್ ಬೇಕಾ?”

“ಅವರು ತೀರಿಕೊಂಡು ಹದಿನೈದು ವರ್ಷ ಆಯ್ತು.”

“ಅಯ್ಯೋ, ಸಾರಿ ಸರ್.” ಹೆದರಿಕೊಂಡೇ ಕೇಳಿದಳು: “ಮೂರ್ನೇಯವರು... ಇದಾರಾ ಸರ್?”

“ಇದ್ದಾರೆ. ಗಟ್ಟಿಮುಟ್ಟಾಗಿದ್ದಾರೆ.”

“ಅವರು ಎರಡೇ ಸಲ ಬಂದಿರೋದು ಸರ್.”

“ಕಂಪ್ಯೂಟರಿನ ಪೂಜೆಯ ದಿನ ಒಂದು, ಫೋಟೋ ಸರಿಯಾಗಿ ಬರಲಿಲ್ಲ ಅಂತ ಇನ್ನೊಂದು.”

ಆಕೆಗೆ ನಗು ಬಂದದ್ದು ನನಗೆ ಕೇಳಿಸಿತು. ದೇವರ ಲಾಗಿನ್ನು ಯಾರ ಕೈಯಲ್ಲಿದೆ, ಯಾರ್ಡಿನ ಗೋಡೆಯ ಟಿವಿಯಲ್ಲಿ ಏನು ಬರುತ್ತದೆ ಎಂಬುದನ್ನೂ ಹೇಳಿದೆ. ನಗು ಮುಗಿದ ಮೇಲೆ ನಿಯಮ ಬಂತು. ಲೈಸೆನ್ಸು ಯಾರ ಹೆಸರಲ್ಲಿದೆಯೋ ಅವರೇ ತೆರೆಯಬೇಕು, ಒಬ್ಬರ ಹೆಸರಲ್ಲಿ ಇನ್ನೊಬ್ಬರು ಹೋಗುವಂತಿಲ್ಲ, ಅವರು ಬದುಕಿರಬೇಕು, ಮನುಷ್ಯರಾಗಿರಬೇಕು. ತಿಂಗಳ ಕೊನೆಗೆ ದೇವರ ಅಕೌಂಟನ್ನೂ ಹಿರಿಯರದ್ದನ್ನೂ ಮುಚ್ಚುತ್ತಾರೆ. ಇನ್ನು ಗೋಡೆಯ ಟಿವಿಯನ್ನು ಇನ್ನೂರು ಜನ ನೋಡುತ್ತಾರಲ್ಲ, ಅವರಿಗೆಲ್ಲ ಲೈಸೆನ್ಸು ಬೇಕಾಗಬಹುದು, ಕೇಳಿ ಹೇಳುತ್ತೇನೆ ಎಂದಳು.

ನಾನು ಅಲ್ಲಿ ಸ್ವಲ್ಪ ಸೆಟೆದೆ. “ನೋಡಮ್ಮ, ನಮ್ಮಲ್ಲಿ ಟೀ ಅಂಗಡಿಗೆ ಬರುವ ಒಂದು ಪೇಪರನ್ನು ನಲವತ್ತು ಜನ ಓದ್ತಾರೆ. ಒಬ್ಬ ಓದ್ತಾನೆ, ಉಳಿದವರು ಕೇಳಿಸಿಕೊಂಡು ಜಗಳ ಆಡ್ತಾರೆ. ಪೇಪರಿನವರು ಇವತ್ತಿನವರೆಗೆ ಬಂದು ತಲೆ ಎಣಿಸಿಲ್ಲ. ನೀವು ಎಣಿಸೋದಾದ್ರೆ ಬನ್ನಿ, ನೆರಳಲ್ಲಿ ಕುರ್ಚಿ ಹಾಕಿಸ್ತೀನಿ.”

ಎರಡು ದಿನ ಬಿಟ್ಟು ಆಕೆಯೇ ಫೋನು ಮಾಡಿದಳು. ಗೋಡೆಗೆ ಅಡ್ಡಿಯಿಲ್ಲ, ತೆರೆಯುವವರ ಹೆಸರಲ್ಲಿ ಲೈಸೆನ್ಸು ಇದ್ದರೆ ಸಾಕು. ನಾನು ಒಂದು ಉಪಕಾರ ಕೇಳಿದೆ: ವರ್ಷದಲ್ಲಿ ಯಾರು ಯಾರು ಎಷ್ಟು ಸಲ ತೆರೆದಿದ್ದಾರೆ ಎಂಬುದು ನನಗೆ ಕಾಗದದ ಮೇಲೆ ಬೇಕು. “ಅದಕ್ಕೂ ಒಂದು ರಿಪೋರ್ಟ್ ಇದೆ ಸರ್,” ಅಂದಳು. ಸಂಜೆಯೇ ಕಳಿಸಿದಳು. ನಾನು ಅದನ್ನು ಪ್ರಿಂಟು ತೆಗೆಸಿ ನಡಾವಳಿ ಪುಸ್ತಕದೊಳಗೆ ಇಟ್ಟೆ. ನಡಾವಳಿ ಪುಸ್ತಕ, ಅಂದರೆ ಸಭೆಯಲ್ಲಿ ಯಾರು ಏನಂದರೆಂದು ನಾನು ಬರೆದು ಅವರಿಂದ ಸಹಿ ಮಾಡಿಸಿಕೊಳ್ಳುವ ಕೆಂಪು ರಟ್ಟಿನ ಪುಸ್ತಕ. ನನಗಿದ್ದ ಏಕಮಾತ್ರ ಆಯುಧ.

ಗುಂಡ್ಲುಪೇಟೆಗೆ ಹೋಗಿ ಯಾರ್ಡಿನ ಹೆಣ್ಣುಮಗಳಿಗೆ ವಿಷಯ ಹೇಳಿದೆ. ಲೈಸೆನ್ಸು ಆಕೆಯ ಹೆಸರಿಗೆ ಆಗದಿದ್ದರೆ ಕಂಪ್ಯೂಟರಿನ ಮುಂದೆ ಆಕೆಗೆ ಕೆಲಸವಿಲ್ಲ, ಮತ್ತೆ ಚಪ್ಪರದಡಿ ಹೋಗಿ ಆಯಬೇಕು. ಟಿವಿಯೂ ಆರುತ್ತದೆ.

“ಆಯದೇನ್ ನಂಗೆ ಒಸ್ದಲ್ಲ ಸಾ. ಕೈಗೆ ಗೊತ್ತದೆ. ಆದ್ರೆ ಸಾಲು?”

“ಸಾಲು ಮೊದಲಿನ ಹಾಗೆ.”

“ಅದೊಂದ್ ಆಗ್ಬಾರ್ದು ಕಣ್ಸಾ,” ಅಂದಳು. ಬೇಡಿಕೊಂಡ ಧ್ವನಿಯಲ್ಲ. ಕೊಳೆತ ಕಾಯಿ ತೆಗೆದು ಪಕ್ಕಕ್ಕೆ ಎಸೆಯುವ ಧ್ವನಿ.

ತಿಂಗಳು ಮುಗಿಯಿತು. ದೇವರು ಲಾಗ್‌ಔಟ್ ಆದರು. ಟಿವಿ ಕಪ್ಪಾಯಿತು. ಆ ದಿನ ಮಧ್ಯಾಹ್ನ ಬಂದವರು ಗೋಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಆಕೆ ಒಂದು ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಚಪ್ಪಟೆ ಮಾಡಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ನಂಬರು, ಹಳ್ಳಿ, ಬಂದ ಹೊತ್ತು ಬರೆದು, ಸರಿಯಾಗಿ ಆ ಕಪ್ಪು ಟಿವಿಯ ಮೇಲೆಯೇ ನೇತುಹಾಕಿದಳು. ಕೆಂಪು ಸೀಮೆಸುಣ್ಣ ಇರಲಿಲ್ಲ. ಎರಡು ತಾಸು ದಾಟಿದವರ ಮುಂದೆ ಒಂದು ಕುಂಕುಮದ ಬೊಟ್ಟು ಇಟ್ಟಳು. ಆ ರಿಪೋರ್ಟಿಗೆ ಯಾವ ಕಂಪನಿಯ ಲೈಸೆನ್ಸೂ ಬೇಕಿರಲಿಲ್ಲ.

ಆದರೆ ರಟ್ಟಿಗೆ ಒಂದು ದೌರ್ಬಲ್ಯವಿತ್ತು: ಒರೆಸಬಹುದು. ಮೂರನೇ ದಿನ ಉಪಾಧ್ಯಕ್ಷರ ಡ್ರೈವರು ಟವೆಲಿನಿಂದ ಒರೆಸಿ, ತನ್ನ ನಂಬರನ್ನು ಎಲ್ಲಕ್ಕಿಂತ ಮೇಲೆ ಬರೆದ. ಮದ್ದೂರು ಕಡೆಯ ನಾಲ್ಕು ಗಾಡಿ ಗೇಟಿಗೆ ಸಿಕ್ಕಲಿಲ್ಲ. ಮಾರನೇ ಬೆಳಗ್ಗೆ ಆಕೆ ಆ ಮೆತ್ತಗಾದ ಹಣ್ಣನ್ನು ತಾನೇ ಕೂತು ಆಯ್ದಳು. ಅದರ ಮೇಲೆ, “ಸಂಘದ ಗೋಡೆಯ ಮೇಲೆ ಅನಧಿಕೃತ ಬರವಣಿಗೆ” ಎಂದು ಉಪಾಧ್ಯಕ್ಷರಿಂದ ಚಾಮರಾಜನಗರಕ್ಕೆ ದೂರು ಬಂತು. ಆಕೆ ಸಭೆಗೆ ಬಂದು ಉತ್ತರ ಹೇಳಬೇಕೆಂದು ಬರೆದಿತ್ತು.

ಸಭೆಯ ದಿನ ಆಕೆ ಮೊದಲ ಬಸ್ಸಿಗೇ ಬಂದಿದ್ದಳು. ಗೊಬ್ಬರದಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ಆ ಒರೆಸಿದ ರಟ್ಟು. ಮೇಲೆ ಕರೆದು ಕುರ್ಚಿ ತೋರಿಸಿದೆ. ಒಬ್ಬಿಬ್ಬರು ನಿರ್ದೇಶಕರು ಕುರ್ಚಿಯನ್ನೂ ಆಕೆಯನ್ನೂ ನೋಡಿದರು. ಆಕೆ ಕೂತಳು.

ಅಧ್ಯಕ್ಷರು ಕೆಮ್ಮಿ ಶುರುಮಾಡಿದರು. ರಿನ್ಯೂವಲ್ ದುಬಾರಿಯಾಗಿದೆ, ಐದು ಬೇಡ, ಎರಡು ಲೈಸೆನ್ಸು ಸಾಕು. ಉಪಾಧ್ಯಕ್ಷರು ಅದಕ್ಕೇ ಕಾದಿದ್ದರು.

“ಸರಿ. ಅಧ್ಯಕ್ಷರ್ದೊಂದು, ನಂದೊಂದು. ಮ್ಯಾನೇಜರ್ರು ನಮ್ಮದ್ರಲ್ಲೇ ನೋಡ್ಕೊಳ್ಳಿ. ಈಯಮ್ಮ ಆಯಕ್ಕೋಗ್ಲಿ. ಮುಗೀತು.”

“ನಿಮ್ಮದರಲ್ಲಿ ನಾನು ನೋಡೋ ಹಾಗಿಲ್ಲ,” ಅಂದೆ. “ಅದೇ ತಪ್ಪಿಗೆ ದೇವರನ್ನೇ ಹೊರಗೆ ಹಾಕಿದ್ದಾರೆ.”

“ಅಂಗಾರೆ ನಾನೇ ನೋಡ್ತೀನಿ.”

“ನೋಡಬಹುದು. ಈ ಒಂದು ವರ್ಷ ತಾವು ಎಷ್ಟು ಸಲ ನೋಡಿದ್ದೀರಿ ಅನ್ನೋದನ್ನ ಕಂಪನಿಯವರು ಕಳಿಸಿದ್ದಾರೆ. ಸಭೆಗೆ ಓದಿ ಹೇಳೋದು ನನ್ನ ಕರ್ತವ್ಯ.”

ಎದ್ದು ನಿಂತು ಓದಿದೆ. ಶೋಕಸಭೆಯಲ್ಲಿ ಓದುವ ಗಾಂಭೀರ್ಯದಲ್ಲೇ ಓದಿದೆ. ಬೆಟ್ಟದ ದೇವರು, ಸಾವಿರಾರು ಸಲ. ಮ್ಯಾನೇಜರು, ದಿನಕ್ಕೊಂದು. ಅಧ್ಯಕ್ಷರು, ಎರಡು. ಸಂಘದ ಸಂಸ್ಥಾಪಕರು, ಸೊನ್ನೆ. ಉಪಾಧ್ಯಕ್ಷರು, ಸೊನ್ನೆ.

“ಲಿಂಗೈಕ್ಯರಾದೋರೂ ಇವ್ರೂ ಸಮ ಸಮ ಅನ್ನಿ,” ಅಂತ ಮೂಲೆಯಿಂದ ಒಬ್ಬ ನಿರ್ದೇಶಕರು ಗೊಣಗಿದರು. ಅಧ್ಯಕ್ಷರು ನಗು ತಡೆಯಲು ಕಾಫಿ ಲೋಟ ಬಾಯಿಗಿಟ್ಟುಕೊಂಡರು. ಲೋಟ ಖಾಲಿಯಾಗಿತ್ತು.

ಉಪಾಧ್ಯಕ್ಷರು ದಾರಿ ಬದಲಿಸಿದರು. “ಆಯ್ತಪ್ಪ, ಈಯಮ್ಮನೇ ಮಾಡ್ಲಿ. ಆದ್ರೆ ಅಧ್ಯಕ್ಷರೆಸ್ರಲ್ಲಿ ಮಾಡ್ಲಿ. ಎಸ್ರು ದೊಡ್ಡೋರ್ದು ಇರ್ಲಿ, ಕೆಲ್ಸ ಯಾರ್ದಾದ್ರೇನು? ಏನಮ್ಮಿ?”

ಸಭೆಗೆ ಇದು ಹಿತವಾಯಿತು. ತಲೆಗಳು ಆಡಿದವು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಸುಲಭದ ಏರ್ಪಾಡು ಯಾವುದಿದೆ? ನನಗೂ ಒಂದು ಗಳಿಗೆ, ಹೋಗಲಿ, ಟಿವಿಯಾದರೂ ಹತ್ತಲಿ ಅನ್ನಿಸಿತು. ಆಕೆ ರಟ್ಟನ್ನು ಮೇಜಿನ ಮೇಲಿಟ್ಟಳು. ಆಕೆಯ ಕೇರಿಯವರು ಇಂಥ ಯಜಮಾನರಿಗೆ “ಬುದ್ಧಿ” ಅನ್ನುತ್ತಿದ್ದರು. ಆಕೆ ಅನ್ನಲಿಲ್ಲ.

“ಆಗಕಿಲ್ಲ ಸಾ. ದೇವ್ರೆಸ್ರಲ್ಲಿ ಒಳಕ್ಕೋದೆ, ದೇವ್ರು ಬ್ಯಾಡ ಅನ್ನಿಲ್ಲ. ಮನ್ಸರೆಸ್ರಲ್ಲಿ ಓಗಕಿಲ್ಲ.”

“ಯಾಕಮ್ಮಿ? ಅಧ್ಯಕ್ಷರೆಸ್ರು ಅಂದ್ರೆ ಕಡ್ಮೆಯಾ?”

“ಕಡ್ಮೆ ಅಂದ್ನಾ? ನಾಳೀಕೆ ಸಾಲು ತಪ್ತು ಅಂತ ಗಲಾಟೆ ಆದ್ರೆ ಅಧ್ಯಕ್ಷರು ‘ನಾನ್ ನೋಡೇ ಇಲ್ಲ’ ಅಂತಾರೆ, ಅದು ದಿಟ. ನೀವು ‘ಆವಮ್ಮ ಕಳ್ತನದಲ್ಲಿ ಒಳಕ್ಕೋಗಿದ್ಲು’ ಅಂತೀರಿ, ಅದೂ ದಿಟ್ವೇ ಆಯ್ತದೆ. ಅಲ್ಲಿಗೆ ನಾನ್ ಕಳ್ಳಿ. ಈ ರಟ್ ಒರುಸ್ದೋರ್ ಎಸ್ರು ಇದ್ರಲ್ಲಿಲ್ಲ, ನೋಡಿ. ಬರ್ದೋಳ್ನ ಮಾತ್ರ ಕರ್ಸಿದ್ದೀರಿ. ನನ್ ಕೆಲ್ಸಕ್ಕೆ ನನ್ನೆಸ್ರು ಆಕಿ. ಇಲ್ವಾ, ಆಯಕ್ಕೋಯ್ತೀನಿ. ಆಯ್ಕಂಡೇ ರಟ್ಟಲ್ಲಿ ಬರೀತೀನಿ. ದಿನಕ್ ಅತ್ತು ಸಲ ಒರುಸ್ಲಿ, ಅನ್ನೊಂದ್ ಸಲ ಬರೀತೀನಿ.”

ಗೊಬ್ಬರದಂಗಡಿಯಲ್ಲಿ ಯಾರೋ ಮೂಟೆ ಇಳಿಸಿದ ಸದ್ದು ಮೇಲಕ್ಕೆ ಕೇಳಿತು.

ಆಗ ನಾನು ಹೇಳಿದೆ. ಕಂಪನಿಯ ದಾಖಲೆಯಲ್ಲಿ ಈ ಸಂಘದ ಅಕೌಂಟಿಗೆ ಜವಾಬ್ದಾರನೆಂದು ಇರುವುದು ನಾನು, ರಿನ್ಯೂವಲ್ ಫಾರಮ್ಮಿಗೆ ಸಹಿ ನನ್ನದೇ ಬೇಕು. ತೆರೆಯದವರ ಹೆಸರನ್ನು ತೆರೆಯುವವರೆಂದು ಒಂದು ಸಲ ಬರೆದುಕೊಟ್ಟಿದ್ದೇನೆ, ದುಂಡಗಿನ ಅಕ್ಷರದಲ್ಲಿ, ಇನ್ನೊಂದು ಸಲ ಬರೆಯುವುದಿಲ್ಲ. ಎರಡು ಹೆಸರಲ್ಲಿ ಒಂದು ಈಕೆಯದಿಲ್ಲದಿದ್ದರೆ ಸಹಿ ಇಲ್ಲ. ನನ್ನ ಹೆಸರು ತೆಗೆದುಹಾಕಿ, ಅಡ್ಡಿಯಿಲ್ಲ. ನನ್ನನ್ನೇ ತೆಗೆದುಹಾಕುವುದಿದ್ದರೂ ಹಾಕಿ, ಅದಕ್ಕೂ ನಿರ್ಣಯ ಬರೆಯುವವನು ನಾನೇ, ಕಾಗುಣಿತ ತಪ್ಪಿಲ್ಲದೆ ಬರೆದುಕೊಡುತ್ತೇನೆ.

“ಮ್ಯಾನೇಜರ್ರೆ, ಎಷ್ಟ್ ಮಾತು ಕಲ್ತ್ರಿ ನೀವು,” ಅಂದರು ಉಪಾಧ್ಯಕ್ಷರು.

“ಮೂವತ್ತು ವರ್ಷ ನಿಮ್ಮ ಮಾತು ಬರೆದುಕೊಂಡಿದ್ದೀನಿ. ಸ್ವಲ್ಪ ಅಂಟಿಕೊಂಡಿದೆ.”

ಅವರು ಎದ್ದು ನಿಂತರು. ಹೆಗಲ ಮೇಲಿನ ಟವೆಲು ಕೊಡವಿದರು. ಅಧ್ಯಕ್ಷರ ಕಡೆ ತಿರುಗಿ, ಇಡೀ ಸಭೆಗೆ ಕೇಳುವಂತೆ ಹೇಳಿದರು: “ನೋಡಿ ಸ್ವಾಮಿ, ಈಯಮ್ಮನೆಸ್ರು ಇರೋ ಪಟ್ಟೀಲಿ ನನ್ನೆಸ್ರು ಇರಾದು ಬ್ಯಾಡ. ಒಂದು ಅವ್ಳು, ಇಲ್ಲ ನಾನು. ನೀವೇ ತೀರ್ಮಾನ ಮಾಡಿ.”

ಹಿಂದೆಲ್ಲ ಇಂಥ ಮಾತಿಗೆ ಸಭೆ ಎದ್ದು, ಕೈಹಿಡಿದು, “ಯಜಮಾನ್ರೇ ಅಂಗನ್ಬ್ಯಾಡಿ, ಕೂತ್ಕಳಿ” ಎಂದು ಸಮಾಧಾನ ಮಾಡುತ್ತಿತ್ತು. ಅವರು ಅದಕ್ಕೇ ನಿಂತಿದ್ದರು. ನಾನು ಕೈಹಿಡಿಯಲಿಲ್ಲ. ಪೆನ್ನು ಹಿಡಿದೆ. ಅವರು ಆಡಿದ ಮಾತಿನ ಮೊದಲರ್ಧವನ್ನು ಆಡಿದ ಹಾಗೆಯೇ ನಡಾವಳಿ ಪುಸ್ತಕದಲ್ಲಿ ಬರೆದೆ. ಅದರ ಕೆಳಗೆ, “ಉಪಾಧ್ಯಕ್ಷರು ತಮ್ಮ ಹೆಸರನ್ನು ಸ್ವಇಚ್ಛೆಯಿಂದ ಹಿಂತೆಗೆದುಕೊಂಡಿದ್ದನ್ನು ಸಭೆಯು ಗೌರವಪೂರ್ವಕವಾಗಿ ಅಂಗೀಕರಿಸಿತು” ಎಂದು ಬರೆದು, ಗಟ್ಟಿಯಾಗಿ ಓದಿದೆ.

“ನಾನ್ ಅಂಗೆಲ್ಲಿ ಅಂದೆ?”

“‘ನನ್ನೆಸ್ರು ಇರಾದು ಬ್ಯಾಡ’ ಅಂದಿರಿ. ಎಲ್ಲರೂ ಕೇಳಿದ್ದಾರೆ. ಯಾಕೆ ಬ್ಯಾಡ ಅನ್ನೋದನ್ನೂ ಅಂದಿರಿ. ಅದನ್ನೂ ಬರೆದಿದ್ದೀನಿ. ಈ ಪುಸ್ತಕವನ್ನು ವರ್ಷಕ್ಕೊಮ್ಮೆ ಸಹಕಾರ ಇಲಾಖೆಯವರು ನೋಡ್ತಾರೆ. ಅದು ಬೇಡ, ಹೊಡೆದುಹಾಕಿ ಅಂದರೆ ಹೊಡೆದುಹಾಕ್ತೀನಿ, ಕೆಳಗಿನ ವಾಕ್ಯ ಒಂದೇ ಇರುತ್ತೆ. ಯಾವುದು ಇರಲಿ?”

ಉಪಾಧ್ಯಕ್ಷರು ಪುಸ್ತಕ ನೋಡಿದರು, ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ತಮ್ಮ ಕನ್ನಡಕ ಒರೆಸುತ್ತಿದ್ದರು. ಯಾರೂ ಕೂತ್ಕಳಿ ಅನ್ನಲಿಲ್ಲ. ಮೂಲೆಯ ನಿರ್ದೇಶಕರು ಕಿಟಕಿಯಾಚೆ ಬಸ್ಸು ನೋಡುತ್ತಿದ್ದರು. ಆಕೆ ಮಾತ್ರ ಉಪಾಧ್ಯಕ್ಷರನ್ನೇ ನೋಡುತ್ತಿದ್ದಳು.

“ಕೆಳ್ಗಿಂದೇ ಇರ್ಲಿ,” ಅಂದರು. ಮೆಟ್ಟಿಲಿಳಿದು ಹೋದರು.

“ಆಗ್ಲಿ ಬುಡಿ,” ಅಂದರು ಅಧ್ಯಕ್ಷರು. ಪುಸ್ತಕ ಎಳೆದುಕೊಂಡು ಸಹಿ ಹಾಕಿದರು. ಆಮೇಲೆ ಆಕೆಯ ಕಡೆಗೆ ತಿರುಗಿ, ಮೊದಲ ಬಾರಿಗೆ ಏನೋ ಹೊಳೆದವರಂತೆ, “ಕಾಫಿ ಕುಡುದ್ಯೇನವ್ವ?” ಎಂದು ಕೇಳಿದರು. ಆಕೆ ಇಲ್ಲ ಅಂದಳು. ಕಾಫಿ ತರಿಸಿದರು. ನಮ್ಮೆಲ್ಲರದರಂತೆಯೇ ಸ್ಟೀಲ್ ಲೋಟದಲ್ಲಿ ಬಂತು. ಆಕೆ ಕುಡಿದಳು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಫಾರಮ್ಮನ್ನು ಆವತ್ತೇ ತುಂಬಿದೆ. ಹುದ್ದೆಯ ಚೌಕದಲ್ಲಿ ‘ಯಾರ್ಡಿನ ರಿಪೋರ್ಟು ನೋಡಿಕೊಳ್ಳುವವರು’ ಎಂದು ಬರೆದೆ. ಮಾರನೇ ವಾರ ಬೆಂಗಳೂರಿನ ಹುಡುಗಿ ಫೋನು ಮಾಡಿ, ಇವರಿಬ್ಬರೂ ಬದುಕಿದ್ದಾರೆ ಅಲ್ವಾ ಸರ್ ಎಂದು ಖಚಿತಪಡಿಸಿಕೊಂಡಳು.

ಈಗ ಸಂಘದಲ್ಲಿ ಎರಡು ಲೈಸೆನ್ಸುಗಳಿವೆ. ಒಂದು ಅಧ್ಯಕ್ಷರ ಹೆಸರಿನಲ್ಲಿ, ಒಂದು ಆಕೆಯ ಹೆಸರಿನಲ್ಲಿ. ಯಾರ್ಡಿನ ಟಿವಿ ಮತ್ತೆ ಹತ್ತಿದೆ, ನನಗೆ ಬೇಕಾದ ರಿಪೋರ್ಟನ್ನು ಆಕೆಯೇ ಕಳಿಸುತ್ತಾಳೆ. ಅಧ್ಯಕ್ಷರು ಈ ವರ್ಷ ಇನ್ನೂ ಲಾಗಿನ್ ಆಗಿಲ್ಲ.